ಸರ ಓದಿದರೆ 'ಸರ್' ಅನ್ನುವ ಮಗುವಿಗೆ: ಅಕ್ಷರದ ಸದ್ದು ಹಿಡಿಸುವ ಆಟಗಳು

ಮುಂಬಯಿಯಲ್ಲೋ ಪುಣೆಯಲ್ಲೋ ಬೆಳೆಯುವ ಕನ್ನಡದ ಮಗುವಿಗೆ ಅಕ್ಷರ ಕಲಿಸಲು ಕೂತವರು ಗೋಡೆಗೊಂದು ವರ್ಣಮಾಲೆ ಚಾರ್ಟ್ ಅಂಟಿಸಿ 'ಅ ಅರಸ, ಆ ಆನೆ, ಇ ಇಲಿ' ಎಂದು ಶುರು ಮಾಡುತ್ತಾರೆ. ಮೂರನೆಯ ಅಕ್ಷರಕ್ಕೆಲ್ಲ ಎಡವಟ್ಟು. ಚಿತ್ರ ನೋಡಿದ ಮಗು 'ಉಂದೀರ್' ಅನ್ನುತ್ತದೆ. ಬಾಲವಾಡಿಯಲ್ಲಿ ಕಲಿತದ್ದು ಅದು. ತುಳು ಮಾತಾಡುವ ಮನೆಯಾದರೆ 'ಎಲಿ' ಅನ್ನುತ್ತದೆ. ನೀವು ತೋರಿಸಿದ ಇ ಅದರ ತಲೆಯೊಳಗೆ ಉ ಆಗಿಯೋ ಎ ಆಗಿಯೋ ಕೂರುತ್ತದೆ. ಆನೆಯದೂ ಅದೇ ಕತೆ: ಮರಾಠಿಯಲ್ಲಿ ಅದು 'ಹತ್ತಿ'. ಒಂದು ವಾರವಾದ ಮೇಲೆ ಆ ತೋರಿಸಿ ಕೇಳಿದರೆ 'ಹ' ಎಂದು ಉತ್ತರ ಬರುತ್ತದೆ, ನಿಮಗೆ ಕಾರಣವೇ ತಿಳಿಯುವುದಿಲ್ಲ.

ಮಗು ದಡ್ಡ ಅಂತಲ್ಲ. ಅದರ ಕಿವಿಯಲ್ಲಿ ಆಗಲೇ ಮೂರು ನಾಲ್ಕು ಭಾಷೆಗಳಿವೆ, ಕನ್ನಡದ ಅಕ್ಷರ ಅವುಗಳ ನಡುವೆ ಜಾಗ ಮಾಡಿಕೊಂಡು ಬರಬೇಕು. ಸಮಾಧಾನದ ವಿಷಯವೆಂದರೆ ಎಡವುವ ಜಾಗಗಳು ಹೆಚ್ಚಿಲ್ಲ, ಎಲ್ಲಿ ಎಂಬುದೂ ಗೊತ್ತು: ಪದದ ಕೊನೆಯ ಸ್ವರ, ಎ ಏ ಮತ್ತು ಒ ಓ ವ್ಯತ್ಯಾಸ, ಹಿಂದಿ ಹೆಚ್ಚು ಕೇಳುವ ಮಗುವಾದರೆ ಳ, ಆಮೇಲೆ ನೋಡಲು ಒಂದೇ ಥರ ಇರುವ ಕೆಲವು ಅಕ್ಷರಗಳು. ವರ್ಣಮಾಲೆಯ 49 ಅಕ್ಷರಗಳನ್ನೂ ಒಂದೇ ತೂಕದಲ್ಲಿ ತಿಕ್ಕುವ ಬದಲು ಆಟವನ್ನು ಈ ಜಾಗಗಳ ಮೇಲೆ ಇಟ್ಟರೆ ಅರ್ಧ ಶ್ರಮ ಉಳಿಯುತ್ತದೆ.

ಮೊದಲು ಕಿವಿ, ಆಮೇಲೆ ಕಣ್ಣು

ಮೂರರಿಂದ ನಾಲ್ಕೂವರೆ ವರ್ಷದವರೆಗೆ ಅಕ್ಷರ ತೋರಿಸದೆಯೇ ಆಡಬಹುದಾದ ಆಟ ಬೇಕಾದಷ್ಟಿವೆ. ಪದವೆಂಬುದು ತುಂಡುಗಳಿಂದ ಆದದ್ದು ಎಂದು ಕಿವಿಗೆ ಗೊತ್ತಾಗದ ಮಗುವಿಗೆ ಅಕ್ಷರ ತೋರಿಸುವುದು ಈಜು ಬರದವರಿಗೆ ಮೀನಿನ ಹೆಸರು ಹೇಳಿಕೊಟ್ಟ ಹಾಗೆ.

ಸಂತೆಯಿಂದ ಬಂದ ತರಕಾರಿ ಚೀಲ ಸಾಕು. ಚೀಲದೊಳಗೆ ಕೈ ಹಾಕಿ ಒಂದನ್ನು ಹಿಡಿದು, ಹೊರಗೆ ತೆಗೆಯದೆ ಅದರ ಹೆಸರನ್ನು ಒಡೆದು ಹೇಳಿ: 'ಬ... ದ... ನೆ... ಕಾ... ಯಿ'. ಮಗು ಕೂಡಿಸಿ ಹೇಳಿದರೆ ತರಕಾರಿ ಅದರ ಬುಟ್ಟಿಗೆ. ಆಮೇಲೆ ಸರದಿ ಬದಲಿಸಿ, ಮಗುವೇ ಒಡೆಯಲಿ, ಚಪ್ಪಾಳೆ ತಟ್ಟಿ ಎಣಿಸಲಿ. ಟೊಮೆಟೊಗೆ ಮೂರು, ಕೊತ್ತಂಬರಿಗೆ ನಾಲ್ಕು, ಬದನೆಕಾಯಿಗೆ ಐದು. ಒತ್ತಕ್ಷರ ಇರುವ ಪದ ಬಂದಾಗ ಮಗು 'ಈ-ರುಳ್-ಳಿ' ಎಂದು ಒಡೆಯುತ್ತದೆ, ನಾವು ಬರೆಯುವುದು 'ಈ-ರು-ಳ್ಳಿ'. ತಿದ್ದಲು ಹೋಗಬೇಡಿ. ಬಾಯಿ ಒಡೆಯುವ ಜಾಗ ಅದೇ, ಎರಡರಲ್ಲೂ ಚಪ್ಪಾಳೆ ಮೂರೇ. ಬರವಣಿಗೆ ಬಂದಾಗ ಅದು ತಾನೇ ಸರಿಯಾಗುತ್ತದೆ.

ಒಂದು ಎಚ್ಚರ: ಒಡೆಯುವ ಮೊದಲು ಪದವನ್ನು ಕನ್ನಡದಲ್ಲಿ ಒಮ್ಮೆ ಪೂರ್ತಿ ಹೇಳಿಬಿಡಿ. ಇಲ್ಲವಾದರೆ ಬದನೆಕಾಯಿ ಮಗುವಿನ ಬಾಯಲ್ಲಿ 'ವಾಂಗಿ' ಆಗಿ ಎರಡೇ ಚಪ್ಪಾಳೆಗೆ ಮುಗಿಯುತ್ತದೆ. ಎರಡನ್ನೂ ತಟ್ಟಿ ನೋಡುವುದು ಬೇರೆಯದೇ ಮಜಾ, ಅದನ್ನೇ ಒಂದು ದಿನದ ಆಟ ಮಾಡಿ.

'ಕಾಗೆ ಹಾರಿತು, ಗುಬ್ಬಿ ಹಾರಿತು' ಆಟ ಇಲ್ಲಿನ ಮಕ್ಕಳಿಗೆ 'ಚಿಡಿಯಾ ಉಡ್' ಎಂಬ ಹೆಸರಲ್ಲಿ ಗೊತ್ತೇ ಇರುತ್ತದೆ. ನಿಯಮ ಮಾತ್ರ ಬದಲಿಸಿ: ಇವತ್ತು ಮ ಇಂದ ಶುರುವಾಗುವ ಪದ ಮಾತ್ರ ಹಾರುತ್ತದೆ. 'ಮನೆ ಹಾರಿತು', ಬೆರಳು ಮೇಲೆ. 'ಮರ ಹಾರಿತು', ಮೇಲೆ. 'ಗಿಳಿ ಹಾರಿತು', ಬೆರಳು ಎತ್ತಿದವರು ಔಟ್. ಗಿಳಿ ನಿಜಕ್ಕೂ ಹಾರುವ ಹಕ್ಕಿಯಾದ್ದರಿಂದ ಮಗು ಖಂಡಿತ ಬೆರಳೆತ್ತುತ್ತದೆ, ನಗುತ್ತದೆ, ಮುಂದಿನ ಸಲ ಅರ್ಥವನ್ನು ಬಿಟ್ಟು ಸದ್ದನ್ನು ಕೇಳಲು ಕಲಿಯುತ್ತದೆ. ಬೇಕಾಗಿದ್ದು ಅದೇ. ಹತ್ತು ಪದಕ್ಕೆ ಒಂದು ಸುತ್ತು. ಅದರಲ್ಲಿ ಆರು ಹಾರುವಂಥವು, ನಾಲ್ಕು ಮೋಸದವು. ಮೊದಲ ದಿನಗಳಲ್ಲಿ ಮೋಸದ ಪದಗಳು ದೂರದ ಸದ್ದಿನವು ಇರಲಿ (ಮ ಇದ್ದರೆ ಗ, ಕ), ಎರಡು ವಾರದ ಮೇಲೆ ಹತ್ತಿರದವನ್ನು ತನ್ನಿ (ಮ ಇದ್ದರೆ ನ, ಬ).

ಈ ಆಟ ಣ ಮತ್ತು ಳಗೆ ನಡೆಯುವುದಿಲ್ಲ, ಕನ್ನಡದ ಪದಗಳು ಅವುಗಳಿಂದ ಶುರುವಾಗುವುದೇ ಇಲ್ಲವಲ್ಲ. ಅವಕ್ಕೆ 'ಎಲ್ಲಿ ಅಡಗಿದೆ' ಆಟ: 'ಕೊಳಲು' ಅಂದಾಗ ಮಗು ತಲೆ, ಹೊಟ್ಟೆ, ಕಾಲು ಮೂರರಲ್ಲಿ ಒಂದನ್ನು ಮುಟ್ಟಬೇಕು. ಮೊದಲಲ್ಲಿದ್ದರೆ ತಲೆ, ನಡುವೆ ಇದ್ದರೆ ಹೊಟ್ಟೆ, ಕೊನೆಯಲ್ಲಿದ್ದರೆ ಕಾಲು. ಕೊಳಲಿಗೆ ಹೊಟ್ಟೆ, ಮಳೆಗೆ ಕಾಲು.

ಮರಾಠಿ ಗೆಳೆಯರ ಜೊತೆ ಆಡುವ ಮಗುವಿಗೆ ಇನ್ನು ಎರಡು ವರ್ಷದಲ್ಲಿ 'ಚ'ದ ಗುಟ್ಟಿನ ಭಾಷೆ ಬಂದೇ ಬರುತ್ತದೆ. ನೀವೇ ಮೊದಲು ಕಲಿಸಿ: ಪ್ರತಿ ಅಕ್ಷರದ ಮುಂದೆ ಒಂದು ಚ. ಮನೆ ಎಂದರೆ 'ಚಮಚನೆ', ಮರ ಎಂದರೆ 'ಚಮಚರ'. ಎಲ್ಲಿಂದಲೋ ಚಮಚ ಬಂದು ಬಿದ್ದಿದ್ದಕ್ಕೆ ಮಕ್ಕಳು ಉರುಳಾಡಿ ನಗುತ್ತಾರೆ. ತಮಾಷೆ ಕಂಡರೂ ಇದು ಗಟ್ಟಿ ಕಸರತ್ತು: ಪದವನ್ನು ಒಡೆಯದೆ ಈ ಭಾಷೆ ಆಡಲು ಬರುವುದಿಲ್ಲ. ಐದು ವರ್ಷದೊಳಗಿನವರಿಗೆ ಎರಡಕ್ಷರದ ಪದ ಸಾಕು. ತಿರುಗಿಸಿ ಹೇಳುವುದೂ ಇದೇ ಸಾಲಿನದು: ರಸ ತಿರುಗಿಸಿದರೆ ಸರ, ನದಿ ತಿರುಗಿಸಿದರೆ ದಿನ, ವನ ತಿರುಗಿಸಿದರೆ ನವ.

ಐದೇ ಅಕ್ಷರ, ಹತ್ತು ಚೀಟಿ

ಅ ಆ ಇ ಈ ಸಾಲಿನಿಂದ ಶುರು ಮಾಡಿದರೆ ಹತ್ತು ಅಕ್ಷರ ಕಲಿತ ಮೇಲೂ ಮಗುವಿಗೆ ಓದಲು ಒಂದು ನೆಟ್ಟಗಿನ ಪದ ಸಿಗುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಬಹಳ ಕಾಲದಿಂದ ಇರುವ 'ರ ಗ ಸ ದ ಅ' ಕ್ರಮ ಇದಕ್ಕಿಂತ ಜಾಣತನದ್ದು. ಕಾಗುಣಿತವಿಲ್ಲದೆ, ಒತ್ತಿಲ್ಲದೆ ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ ಎಲ್ಲ ಹುಟ್ಟುತ್ತವೆ. ಮುಂದಿನ ಐದು, ಜ ವ ಮ ಬ ನ, ಸೇರಿದರೆ ಮರ, ಜನ, ದನ, ವನ, ಬಸವ, ಅವಸರ. ಹತ್ತು ಅಕ್ಷರಕ್ಕೆ ಮಗು ಇಪ್ಪತ್ತು ಪದ ಓದುತ್ತದೆ.

ಚೀಟಿಗಳಿಗೆ ಹಳೆಯ ಮದುವೆ ಕಾಗದಗಳೇ ಶ್ರೇಷ್ಠ. ದಪ್ಪಗಿರುತ್ತವೆ, ಬೆವರಿದ ಕೈಗೆ ಬೇಗ ಮುದುಡುವುದಿಲ್ಲ. 7 ಸೆಂಟಿಮೀಟರ್ ಚೌಕ ಕತ್ತರಿಸಿ, ದಪ್ಪ ತುದಿಯ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಅಕ್ಷರವನ್ನು ಚೀಟಿ ತುಂಬ ಬರೆಯಿರಿ. ಕೆಳಗೆ ಒಂದು ಗೆರೆ ಎಳೆಯಲು ಮರೆಯಬೇಡಿ, ಇಲ್ಲದಿದ್ದರೆ ಮಗು ಅಕ್ಷರವನ್ನು ತಲೆಕೆಳಗಾಗಿ ಹಿಡಿದು ತಲೆ ಕೆರೆದುಕೊಳ್ಳುತ್ತದೆ. ಚಿತ್ರ ಬೇಡ, ಚಿತ್ರ ಇದ್ದರೆ ಮಗು ಅಕ್ಷರ ನೋಡುವುದಿಲ್ಲ. ಪ್ರತಿ ಅಕ್ಷರಕ್ಕೆ ಎರಡು ಚೀಟಿ ಮಾಡಿ, ಏಕೆಂದರೆ ಗರಗಸಕ್ಕೆ ಗ ಎರಡು ಬೇಕು, ಸರಸರಕ್ಕೆ ಸ ಎರಡು, ರ ಎರಡು.

ಆಟ ಹೀಗೆ. ಮೂರು ಅಕ್ಷರದ ಆರು ಚೀಟಿಗಳನ್ನು ನೆಲದ ಮೇಲೆ ಹರಡಿ. 'ರ ತಂದುಕೊಡು' ಎನ್ನಿ. ಮಗು ಎರಡು ರ ಹುಡುಕಿ ತರಬೇಕು. ತಪ್ಪು ತಂದರೆ 'ಅಲ್ಲ' ಎನ್ನುವ ಬದಲು 'ಇದು ಗ, ಇದನ್ನು ಅದರ ಜೋಡಿಯ ಹತ್ತಿರ ಬಿಟ್ಟು ಬಾ' ಎನ್ನಿ. ಮೂರು ದಿನ ತಪ್ಪಿಲ್ಲದೆ ಬಂದ ಮೇಲೆ ಒಂದು ಹೊಸ ಅಕ್ಷರ ಸೇರಿಸಿ. ಐದೂ ಬಂದ ಮೇಲೆ ಪದ: ನೀವು 'ಅಗಸ' ಎಂದರೆ ಮಗು ಮೂರು ಚೀಟಿ ಸಾಲಾಗಿ ಇಡಬೇಕು. ಓದುವುದಕ್ಕಿಂತ ಹೀಗೆ ಜೋಡಿಸುವುದು ಮೊದಲು ಬರುತ್ತದೆ, ಸುಲಭವೂ ಹೌದು. ಒಂದು ಸಲಕ್ಕೆ ಹತ್ತು ನಿಮಿಷ ಮೀರಬೇಡಿ. ಮಗು ಇನ್ನೊಂದು ಆಡೋಣ ಅನ್ನುವಾಗಲೇ ಚೀಟಿ ಎತ್ತಿಡಿ.

ಕೊನೆಯ ಸ್ವರ ನುಂಗುವುದು ಗೊತ್ತಾಗುವುದು ಇಲ್ಲೇ. ಸ, ರ ಎರಡನ್ನೂ ಸರಿಯಾಗಿ ಗುರುತಿಸುವ ಮಗು ಕೂಡಿಸಿ ಓದುವಾಗ 'ಸರ್' ಅನ್ನುತ್ತದೆ, ಕ್ಲಾಸಿಗೆ ಮೇಷ್ಟ್ರು ಬಂದ ಹಾಗೆ. ಮರಾಠಿ, ಹಿಂದಿಯಲ್ಲಿ 'ದಾದರ' ಎಂದು ಬರೆದು 'ದಾದರ್' ಎಂದು ಓದುವುದು ರೂಢಿ, ಮಗು ಅಲ್ಲಿ ಕಲಿತ ನಿಯಮವನ್ನು ಇಲ್ಲಿಗೂ ತಂದಿದೆ ಅಷ್ಟೆ. 'ಸರಾ' ಎಂದು ಎಳೆದು ತಿದ್ದಿದರೆ ಇನ್ನೊಂದು ತಪ್ಪು ಅಂಟುತ್ತದೆ. ಮಗುವಿನ ಅಂಗೈಯನ್ನು ಅದರ ಗದ್ದದ ಕೆಳಗೆ ಇಡಿಸಿ. ಪ್ರತಿ ಸ್ವರಕ್ಕೆ ಗದ್ದ ಒಮ್ಮೆ ಕೆಳಗಿಳಿದು ಅಂಗೈ ಒತ್ತುತ್ತದೆ. 'ಸರ್' ಅಂದರೆ ಒಂದೇ ಸಲ, 'ಸ-ರ' ಅಂದರೆ ಎರಡು ಸಲ. 'ಗದ್ದ ಎಷ್ಟು ಸಲ ಗುದ್ದಿತು?' ಎಂದು ಕೇಳಿ. ಎರಡು ಚೀಟಿ ಇದ್ದರೆ ಎರಡು ಗುದ್ದು ಬರಲೇಬೇಕು. ವಾರದೊಳಗೆ ಬಹುತೇಕ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ.

ಕುರ್ಲಾದಿಂದ ಮುಲುಂಡ್‌ವರೆಗೆ

ಮುಂಬಯಿಯ ಲೋಕಲ್ ರೈಲಿನ ಸ್ಟೇಷನ್ ಹೆಸರುಗಳನ್ನು ಅಕ್ಷರ ಕಲಿಸಲೆಂದೇ ಯಾರೋ ಜೋಡಿಸಿಟ್ಟ ಹಾಗಿದೆ. ಸೆಂಟ್ರಲ್ ಲೈನಿನ ಸ್ಲೋ ಗಾಡಿಯಲ್ಲಿ ಎಂಟು ಸ್ಟೇಷನ್ ನೋಡಿ: ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್, ವಿಕ್ರೋಳಿ, ಕಾಂಜೂರ್‌ಮಾರ್ಗ್, ಭಾಂಡುಪ್, ನಾಹೂರ್, ಮುಲುಂಡ್. ಇದರಲ್ಲಿ ವಿ ಎರಡು ಸಲ, ಕ ಎರಡು ರೂಪದಲ್ಲಿ, ಮಹಾಪ್ರಾಣ ಎರಡು, ಒಂದು ಳ. ವೆಸ್ಟರ್ನ್ ಲೈನಿನವರಿಗೆ ಮ ಗುಂಪು ಸಿಕ್ಕಿದೆ: ಮರೀನ್ ಲೈನ್ಸ್, ಮಹಾಲಕ್ಷ್ಮಿ, ಮಲಾಡ್ ಒಂದು ಕಡೆ, ಮಾಟುಂಗಾ ರೋಡ್, ಮಾಹಿಮ್ ಇನ್ನೊಂದು ಕಡೆ, ಮುಂಬಯಿ ಸೆಂಟ್ರಲ್ ಮತ್ತೊಂದು ಕಡೆ. ಮ, ಮಾ, ಮು ಮೂರೂ ಬೇರೆ ಸದ್ದು, ಆದರೆ ಒಳಗಿರುವುದು ಒಂದೇ ಮ್ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚಾರ್ಟ್ ಇಲ್ಲ.

ರೈಲಿನೊಳಗೆ ಆಡುವುದು ಹೀಗೆ: 'ಪುಢೀಲ್ ಸ್ಟೇಶನ್' ಎಂದು ಘೋಷಣೆ ಶುರುವಾದ ಕೂಡಲೇ ಮಗು ಕಿವಿಗೊಡಬೇಕು, ಹೆಸರು ಕೇಳಿದೊಡನೆ ಅದರ ಮೊದಲ ಅಕ್ಷರ ಹೇಳಬೇಕು. ಘೋಷಣೆ ಮೂರು ಭಾಷೆಯಲ್ಲಿ ಬರುವುದರಿಂದ ತಪ್ಪಿದರೆ ಇನ್ನೆರಡು ಅವಕಾಶ. ಬೆಳಗಿನ ಗರ್ದಿಯಲ್ಲಿ ಇದೆಲ್ಲ ಆಗದ ಮಾತು; ಭಾನುವಾರ ಮಧ್ಯಾಹ್ನದ ಪ್ರಯಾಣಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಾದರೆ ಎಂಟು ಸ್ಟೇಷನ್ನಿನ ಹೆಸರನ್ನು ಕನ್ನಡದಲ್ಲಿ ಬರೆದು ಹಾಲ್‌ನಿಂದ ಅಡುಗೆಮನೆವರೆಗೆ ನೆಲಕ್ಕೆ ಅಂಟಿಸಿ. ಮಗು ರೈಲು. ನೀವು 'ಭಾ' ಎಂದು ಕೂಗಿದರೆ ರೈಲು ಭಾಂಡುಪ್‌ನಲ್ಲಿ ನಿಲ್ಲಬೇಕು. ಮಗು ಇಡೀ ಹೆಸರನ್ನು ಓದಬೇಕಿಲ್ಲ, ಮೊದಲ ಅಕ್ಷರ ಗುರುತಿಸಿದರೆ ಸಾಕು. ವಿ ಎಂದಾಗ ಎರಡು ಸ್ಟೇಷನ್ ಸಿಕ್ಕಿ ಗೊಂದಲವಾಗುತ್ತದೆ. ಆಗ ಎರಡನೆಯ ಅಕ್ಷರವನ್ನೂ ನೋಡುವ ಅಭ್ಯಾಸ ತಾನಾಗಿ ಬರುತ್ತದೆ.

ಮಹಾಪ್ರಾಣಕ್ಕಂತೂ ಈ ಊರು ಗಣಿ: ಠಾಣೆ, ಠಾಕುರ್ಲಿ, ಘಾಟ್ಕೋಪರ್, ಭಾಂಡುಪ್, ಖಾರ್, ಅಂಧೇರಿ. ಚಾರ್ಟಿನಲ್ಲಿ ಠಕ್ಕೆ ಹಾಕುವ 'ಠಸ್ಸೆ' ಎಂಬ ಪದವನ್ನು ಮಗು ಜೀವಮಾನದಲ್ಲಿ ಎಷ್ಟು ಸಲ ಬಳಸೀತು? ಠಾಣೆ ದಿನಾ ಬರುತ್ತದೆ. ಪುಣೆಯವರು ಕೋಥರೂಡ್, ಧನಕವಡಿ, ಖಡಕಿ, ಭೋಸರಿ ತೆಗೆದುಕೊಳ್ಳಿ; ಉಳಿದೆಲ್ಲ ಕಡೆ ಸಿಗದ ಔಗೆ ನಿಮ್ಮಲ್ಲಿ ಔಂಧ್ ಇದೆ, ನವಿ ಮುಂಬಯಿಯವರಿಗೆ ಐಗೆ ಐರೋಲಿ. ಗೋವಾದಲ್ಲಿ ಪಣಜಿಯ ಣ, ದಾಬೋಳಿಯ ಳ, ಸಾಖಳಿಯಲ್ಲಿ ಖ ಮತ್ತು ಳ ಎರಡೂ.

ಮಹಾಪ್ರಾಣ ಕೈಗೆ ಸಿಗಬೇಕಾದರೆ ಟಿಶ್ಯೂ ಕಾಗದದ ಪಟ್ಟಿ ಬೇಕು: ಎರಡು ಸೆಂಟಿಮೀಟರ್ ಅಗಲ, ಒಂದು ಗೇಣು ಉದ್ದ. ಬಾಯಿಂದ ನಾಲ್ಕು ಬೆರಳು ದೂರ ಹಿಡಿದು 'ಕಾರ್' ಎಂದರೆ ಪಟ್ಟಿ ಅಲುಗಿಯೂ ಅಲುಗದ ಹಾಗೆ, 'ಖಾರ್' ಎಂದರೆ ಹಾರುತ್ತದೆ. ಕ-ಖ, ಟ-ಠ, ತ-ಥ ಜೋಡಿಗಳಲ್ಲಿ ಇದು ಸ್ಪಷ್ಟ. ಗ-ಘ, ಬ-ಭದಲ್ಲಿ ಗಾಳಿ ಕಡಿಮೆ, ಅವನ್ನು ಆಮೇಲೆ ಇಟ್ಟುಕೊಳ್ಳಿ. ಪ-ಫ ಬೇಡವೇ ಬೇಡ. ಫವನ್ನು ನಾವು ಈಗ ಹಲ್ಲು ತುಟಿ ತಾಗಿಸಿ ಉಚ್ಚರಿಸುವುದರಿಂದ ಪರೀಕ್ಷೆ ಕೆಡುತ್ತದೆ. ಇನ್ನೊಂದು ಮಾತು, ಮುಜುಗರ ಬೇಡ: ಮಹಾಪ್ರಾಣದ ವಿಷಯದಲ್ಲಿ ಮರಾಠಿ ಶಾಲೆಗೆ ಹೋಗುವ ಮಗುವಿನ ಕಿವಿ ಅಪ್ಪ ಅಮ್ಮನದಕ್ಕಿಂತ ಚುರುಕಾಗಿರುತ್ತದೆ. ಅದು ತಿದ್ದಿದರೆ ತಿದ್ದಿಸಿಕೊಳ್ಳಿ.

ಬೆಳೆ ಅಲ್ಲ, ಬೇಳೆ

ಮರಾಠಿಯ ಬಾರಾಖಡಿ ಹೆಸರೇ ಹೇಳುವಂತೆ ಹನ್ನೆರಡು ರೂಪದ್ದು. ನಮ್ಮ ಕಾಗುಣಿತದ ಸಾಲಿನಲ್ಲಿ ಹದಿನೈದು. ಹೆಚ್ಚಿನ ಮೂರರಲ್ಲಿ ಒಂದು ಕೃ. ಇನ್ನೆರಡು ಬಂದದ್ದು ಎ-ಏ, ಒ-ಓ ಎಂದು ಬೇರೆ ಬೇರೆ ಇಟ್ಟುಕೊಂಡಿರುವುದರಿಂದ. ಮರಾಠಿ, ಹಿಂದಿ ಬರವಣಿಗೆಯಲ್ಲಿ ಈ ಎರಡು ಜೋಡಿಗೂ ಒಂದೊಂದೇ ಗುರುತು. ಹಾಗಾಗಿ ದೇವನಾಗರಿ ಮೊದಲು ಕಲಿತ ಮಗು ಕೆ ಮತ್ತು ಕೇ ಎರಡನ್ನೂ ಒಂದೇ ಎಂದುಕೊಂಡರೆ ಅದು ಅಲಕ್ಷ್ಯವಲ್ಲ.

ಅಡುಗೆಮನೆಯಲ್ಲಿ ಇದಕ್ಕೆ ಮದ್ದಿದೆ. ಜೋಡಿಗಳು: ಬೆಳೆ-ಬೇಳೆ, ಬೆರೆ-ಬೇರೆ, ಒಲೆ-ಓಲೆ, ಕೊಡು-ಕೋಡು. ಇದಕ್ಕೇ ಬಳೆ-ಬಾಳೆ, ಹಳೆ-ಹಾಳೆ ಸೇರಿಸಬಹುದು, ಅವು ಸುಲಭ. ಕೋಣೆಯ ಒಂದು ಮೂಲೆಯಲ್ಲಿ ಒಂದು ಬಳೆ, ಇನ್ನೊಂದರಲ್ಲಿ ಬಾಳೆಹಣ್ಣು ಇಡಿ. ನೀವು ಪದ ಹೇಳಿದ ಕೂಡಲೇ ಮಗು ಆ ಮೂಲೆಗೆ ಓಡಬೇಕು. ಎಂಟು ಓಟಕ್ಕೆ ಬಾಳೆಹಣ್ಣು ಅದರದ್ದೇ. ಆಮೇಲೆ ಗ್ಯಾಸ್ ಒಲೆಯ ಆಟಿಕೆಯೋ ಚಿತ್ರವೋ ಒಂದು ಕಡೆ, ಕಿವಿಯ ಓಲೆ ಇನ್ನೊಂದು ಕಡೆ.

ಮುಖ್ಯವಾದ ಉಪಾಯ ಕೈಯದು: ಹ್ರಸ್ವಕ್ಕೆ ಚಿಟಿಕೆ, ದೀರ್ಘಕ್ಕೆ ಎರಡೂ ಕೈ ಹಿಡಿದು ರಬ್ಬರ್ ಎಳೆದ ಹಾಗೆ ಅಗಲಿಸುವುದು. ಪದ ಹೇಳುವಾಗ ನೀವು ದೀರ್ಘವನ್ನು ಅತಿಯಾಗಿ ಎಳೆಯಬೇಡಿ. 'ಬೇ...ಏ...ಳೆ' ಎಂದು ಮೂರು ಮಾತ್ರೆ ಎಳೆದು ಕಲಿಸಿದರೆ ಮಾಮೂಲಿ ಮಾತಿನ ಬೇಳೆ ಮಗುವಿಗೆ ಬೆಳೆಯ ಹಾಗೆ ಕೇಳಿಸುತ್ತದೆ. ಹೇಳುವವರ ತುಟಿ ನೋಡಿ ಊಹಿಸುವುದನ್ನು ತಪ್ಪಿಸಲು, ಎರಡು ವಾರದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿ.

ಲ-ಳ ಜೋಡಿಗೂ ಇದೇ ಓಟ: ಬಲೆ-ಬಳೆ, ಹುಲಿ-ಹುಳಿ, ಹಲ್ಲಿ-ಹಳ್ಳಿ, ಎಲೆ-ಎಳೆ. ಮರಾಠಿಯಲ್ಲಿ ಳ ಧಾರಾಳವಾಗಿದೆ, ಆದ್ದರಿಂದ ಮರಾಠಿ ಬಲ್ಲ ಮಗುವಿಗೆ ಇದು ಕಷ್ಟವಲ್ಲ. ಹಿಂದಿ ಹೆಚ್ಚು ಕೇಳುವ ಮಗು ಮಾತ್ರ 'ಹುಲಿ ಸಾರು' ಮಾಡುತ್ತದೆ. ನಾಲಗೆ ತುದಿಯನ್ನು ಹಿಂದಕ್ಕೆ ಮಡಚಿ ಬಾಯಿಯ ಅಂಗಳಕ್ಕೆ ತಾಗಿಸಲು ಕನ್ನಡಿ ಮುಂದೆ ಆಡಿಸಿ. ಕೇಳಿಸಿಕೊಂಡು ಸರಿ ಮೂಲೆಗೆ ಓಡುವ ಮಗು ಬಾಯಲ್ಲಿ ಲ ಅಂದರೆ ಚಿಂತೆಯಿಲ್ಲ. ರ, ಳ ನಾಲಗೆಗೆ ತಡವಾಗಿ ಬರುವ ಸದ್ದುಗಳು. ಓಡುವುದೇ ತಪ್ಪುತ್ತಿದ್ದರೆ, ಅದೂ ಎಲ್ಲ ಜೋಡಿಗಳಲ್ಲೂ, ಮೇಲಿಂದ ಮೇಲೆ ನೆಗಡಿ ಕಿವಿನೋವು ಇರುವ ಮಗುವಾದರೆ, ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿ.

ಬೆರಳಿಗೆ: ರವೆ ತಟ್ಟೆ ಮತ್ತು ಚಕ್ಕುಲಿ ಒರಳು

ಅಂಚು ಎತ್ತರವಿರುವ ಸ್ಟೀಲ್ ತಟ್ಟೆಗೆ ಅರ್ಧ ಕಪ್ ಚಿರೋಟಿ ರವೆ ಹರಡಿ. ಬೆರಳಾಡಿಸಿದರೆ ತಟ್ಟೆಯ ಹೊಳಪು ಕಾಣಬೇಕು, ಅಷ್ಟು ತೆಳುವು. ಹೆಚ್ಚು ಹಾಕಿದರೆ ಗೆರೆ ಎಳೆದ ಕೂಡಲೇ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ಹವೆಗೆ ರವೆ ಒದ್ದೆಯಾಗಿ ಗಂಟು ಕಟ್ಟುತ್ತದೆ; ಬಾಣಲೆಯಲ್ಲಿ ಮೂರು ನಾಲ್ಕು ನಿಮಿಷ ಬೆಚ್ಚಗೆ ಮಾಡಿ ಆರಿಸಿ ಬಳಸಿ. ಬರೆಯುವಾಗ ಬಾಯಲ್ಲಿ ಸದ್ದು ಇರಲಿ: ರ ಬರೆಯುವಷ್ಟು ಹೊತ್ತೂ 'ರ'. ಸುಮ್ಮನೆ ಬೆರಳಾಡಿಸಿದರೆ ಅದು ಚಿತ್ರ ಬಿಡಿಸುವ ಆಟವಾಗುತ್ತದೆ, ಅಕ್ಷರದ್ದಲ್ಲ.

ದೇವನಾಗರಿ ಬರೆದು ಅಭ್ಯಾಸವಿರುವ ಕೈ ಕನ್ನಡ ಪದದ ಮೇಲೂ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆಯಲು ನೋಡುತ್ತದೆ. ನಮ್ಮ ತಲೆಕಟ್ಟು ಅಕ್ಷರಕ್ಕೊಂದು, ತುದಿ ಮೇಲಕ್ಕೆ ಬಾಗಿದ್ದು. ಜ, ಬ, ಣ, ಲಕ್ಕೆ ಅದೂ ಇಲ್ಲ. 'ಯಾರು ಟೋಪಿ ಹಾಕಿದ್ದಾರೆ, ಯಾರು ಹಾಕಿಲ್ಲ' ಎಂದು ಚೀಟಿಗಳನ್ನು ಎರಡು ಗುಂಪು ಮಾಡಿಸಿದರೆ ಹತ್ತು ನಿಮಿಷದಲ್ಲಿ ಕಣ್ಣಿಗೆ ಹಿಡಿಯುತ್ತದೆ.

ಹಿಟ್ಟಿನಲ್ಲಿ ಅಕ್ಷರ ಮಾಡಿಸುವವರು ಚಪಾತಿ ಹಿಟ್ಟು ಕೊಡುತ್ತಾರೆ. ಅದು ರಬ್ಬರಿನ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಾಗಿಸಿದ ಗ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಜೋಳದ ಹಿಟ್ಟು ಬಾಗಿಸಿದಲ್ಲಿ ಸೀಳುತ್ತದೆ. ಕನ್ನಡದ ದುಂಡು ಅಕ್ಷರಕ್ಕೆ ಹೇಳಿ ಮಾಡಿಸಿದ್ದು ಚಕ್ಕುಲಿ ಹಿಟ್ಟು. ಒಂದು ಕಪ್ ಅಕ್ಕಿ ಹಿಟ್ಟು, ಕಾಲು ಕಪ್ ಹುರಿದ ಉದ್ದಿನ ಹಿಟ್ಟು, ಒಂದು ದೊಡ್ಡ ಚಮಚ ಬೆಣ್ಣೆ, ಅರ್ಧ ಚಮಚ ಉಪ್ಪು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲೆಸಿ, ಅರ್ಧ ಕಪ್ಪಿನ ಮೇಲೆ ನೋಡಿಕೊಂಡು. ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಒರಳಿನಿಂದ ಒಂದು ಗೇಣುದ್ದದ ದಾರಗಳನ್ನು ಒತ್ತಿಕೊಡಿ. ಮಗು ಅದನ್ನು ಬಾಗಿಸಿ ರ, ಗ, ಸ ಮಾಡುತ್ತದೆ. ಹಾಳೆಯ ಕೆಳಗೆ ದೊಡ್ಡದಾಗಿ ಬರೆದ ಅಕ್ಷರ ಇಟ್ಟರೆ ಅದರ ಮೇಲೆಯೇ ಕೂರಿಸಬಹುದು. ದಾರ ಬಾಗುವಾಗ ಬಿರುಕು ಬಿಟ್ಟರೆ ಹಿಟ್ಟು ಒಣಗಿದೆ, ಒಂದು ಚಮಚ ನೀರು ಚಿಮುಕಿಸಿ ಮತ್ತೆ ನಾದಿ. ಎಣ್ಣೆಯಲ್ಲಿ ಚೂರಾದರೆ ಬೆಣ್ಣೆ ಹೆಚ್ಚಾಗಿದೆ. ತಲೆಕಟ್ಟು ಸೇರುವ ಜಾಗವನ್ನು ಬೆರಳಿಂದ ಒತ್ತದಿದ್ದರೆ ಕರಿಯುವಾಗ ಟೋಪಿ ಬೇರೆ, ಅಕ್ಷರ ಬೇರೆ. ಕರಿಯುವುದು ದೊಡ್ಡವರು, ಮಗು ಒಲೆಯಿಂದ ದೂರ. ತಿನ್ನುವ ಮೊದಲು ಅಕ್ಷರದ ಸದ್ದು ಹೇಳಬೇಕು ಎಂಬುದೊಂದೇ ನಿಯಮ. ಬರೀ ಸ ಬೇಕೆಂದು ಹಟ ಮಾಡುವ ಮಕ್ಕಳೂ ಇದ್ದಾರೆ, ಅದರಲ್ಲಿ ಚಕ್ಕುಲಿ ಜಾಸ್ತಿ ಬರುತ್ತದೆ ಎಂದು.

ಗೋವಾದವರಿಗೆ, ಜುಹೂ ಹತ್ತಿರದವರಿಗೆ ಇದೆಲ್ಲದರ ಬದಲು ಸಮುದ್ರ ದಂಡೆಯಿದೆ. ಇಳಿತದ ಹೊತ್ತಿಗೆ ನೀರು ಬಿಟ್ಟುಹೋದ ಗಟ್ಟಿ ಒದ್ದೆ ಮರಳಿನಲ್ಲಿ ಹಿಮ್ಮಡಿಯಿಂದ ಎರಡು ಮಾರು ದೊಡ್ಡ ಅಕ್ಷರ ಗೀರಿ, ಮಗು ಅದರ ಮೇಲೆ ಸದ್ದು ಮಾಡುತ್ತ ನಡೆಯಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ದಂಡೆಯ ಮಾತು ಬೇಡ.

ಕಾಗುಣಿತದ ಕುಂಟೆಬಿಲ್ಲೆ

34 ವ್ಯಂಜನಕ್ಕೆ 15ರಂತೆ ಕಾಗುಣಿತ 510 ರೂಪ. ಬಾಯಿಪಾಠ ಮಾಡಿಸಿದರೆ ಮಗು ಹಾಡಿನ ಹಾಗೆ ಒಪ್ಪಿಸುತ್ತದೆ, ನಡುವಿನಿಂದ ಕೀ ತೋರಿಸಿದರೆ ಮೊದಲಿಂದ ಹಾಡುತ್ತ ಬರುತ್ತದೆ. 510 ಬೇಡ, ಗುರುತುಗಳನ್ನು ಕಲಿಸಿ. ಇಳಿ, ಗುಡಿಸು, ಕೊಂಬು ಈ ಮೂರರಿಂದ ಶುರು.

ನೆಲದ ಮೇಲೆ ನಾಲ್ಕು ಚೌಕ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ಒಂದೊಂದರಲ್ಲಿ ಗುರುತು ಮಾತ್ರ. ಮಗುವಿನ ಕೈಯಲ್ಲಿ ಮ ಚೀಟಿ. ಒಂದೊಂದು ಚೌಕಕ್ಕೆ ಕುಂಟುತ್ತ ಹೋದಾಗ ಆ ಸದ್ದು: ಮ, ಮಾ, ಮಿ, ಮು. ಮುಂದಿನ ಸುತ್ತಿಗೆ ಸ ಚೀಟಿ, ಚೌಕ ಅವೇ. ಕೈಯಲ್ಲಿರುವುದು ಬದಲಾಗುತ್ತದೆ, ಕಾಲಡಿಯದು ಬದಲಾಗುವುದಿಲ್ಲ ಎಂದು ಮೈಗೇ ಗೊತ್ತಾಗುವುದು ಈ ಆಟದ ತಿರುಳು. ಇಳಿ ಬಂದಾಗ ಎರಡೂ ಕಾಲೂರಿ ಎರಡು ಎಣಿಸುವಷ್ಟು ನಿಲ್ಲಬೇಕು, ಉಳಿದದ್ದಕ್ಕೆ ಒಂಟಿಕಾಲು. ವಾರಕ್ಕೆ ಒಂದು ಹೊಸ ಗುರುತು. ಎತ್ವ ಏತ್ವ, ಒತ್ವ ಓತ್ವಗಳನ್ನು ಬೆಳೆ-ಬೇಳೆ ಓಟ ಪಕ್ಕಾ ಆದ ಮೇಲೆಯೇ ತನ್ನಿ. ಐತ್ವ, ಔತ್ವ, ವಟ್ರಸುಳಿ ಕೊನೆಗೆ.

ಹೊಳಪಿನ ಟೈಲ್ಸ್ ಮೇಲೆ ಸೀಮೆಸುಣ್ಣ ಹತ್ತುವುದಿಲ್ಲ. ಕಾಗದ ಇಟ್ಟರೆ ಜಾರಿ ಮಗು ಬೀಳುತ್ತದೆ, ಆದ್ದರಿಂದ ನಾಲ್ಕೂ ಅಂಚಿಗೆ ಟೇಪ್ ಹಾಕಲೇಬೇಕು. ಚಾಳಿನ ಕಾರಿಡಾರ್ ಅಥವಾ ಸೊಸೈಟಿಯ ಟೆರೇಸ್ ಸಿಕ್ಕರೆ ಅದೇ ಉತ್ತಮ. ಮಧ್ಯಾಹ್ನ ಎರಡರಿಂದ ನಾಲ್ಕು, ಅದರಲ್ಲೂ ಪುಣೆಯಲ್ಲಿ, ಕುಂಟುವುದು ಬೇಡ. ಕೆಳಗಿನ ಮನೆಯವರು ಮಲಗಿರುತ್ತಾರೆ.

ಇಂಗ್ಲಿಷ್ ಫೋನಿಕ್ಸ್ ಜೊತೆ

ಇಂಗ್ಲಿಷ್ ಶಾಲೆಯಲ್ಲೂ ಈಗ ಅಕ್ಷರದ ಹೆಸರಿಗಿಂತ ಸದ್ದು ಮೊದಲು, ಫೋನಿಕ್ಸ್ ಅನ್ನುವುದು ಇದನ್ನೇ. ಮನೆಯಲ್ಲಿ ಸಹಾಯ ಮಾಡುವ ನಾವು 'ಬ-ಆ್ಯ-ಟ' ಎಂದು ಪ್ರತಿ ವ್ಯಂಜನಕ್ಕೂ ಅ ಸೇರಿಸಿಬಿಡುತ್ತೇವೆ, ಕೂಡಿಸಿದರೆ 'ಬ್ಯಾಟ್' ಬರುವುದೇ ಇಲ್ಲ. ಕನ್ನಡ ಬಲ್ಲವರಿಗೆ ಇದಕ್ಕೆ ಸಿದ್ಧ ಉಪಕರಣವಿದೆ: ಅರ್ಧಾಕ್ಷರ. ಬ ಅಲ್ಲ, ಬ್; ಟ ಅಲ್ಲ, ಟ್. ಮೊದಲು ಎಳೆಯಬಹುದಾದ ಸದ್ದುಗಳು: ಸ್‌ಸ್‌ಸ್, ಮ್‌ಮ್‌ಮ್, ಫ್‌ಫ್‌ಫ್, ನ್‌ನ್‌ನ್. ಪ್, ಟ್, ಕ್ ಎಳೆಯಲು ಬರುವುದಿಲ್ಲ, ಚಿಟಿಕೆ ಹೊಡೆದ ಹಾಗೆ ಹೇಳಬೇಕು. ಕನ್ನಡದ ಆಟ ಮತ್ತು ಇಂಗ್ಲಿಷ್ ಆಟ ಒಂದೇ ಸಲ ಕೂತಾಗ ಬೇಡ. ಗದ್ದ ಎರಡು ಸಲ ಗುದ್ದಬೇಕು ಎಂದು ಈಗಷ್ಟೇ ಹೇಳಿ, ಮರುಕ್ಷಣ ಒಂದೇ ಸಲ ಎಂದರೆ ಮಗು ಎರಡನ್ನೂ ಬಿಟ್ಟು ಎದ್ದುಹೋಗುತ್ತದೆ. ಒಂದು ಬೆಳಿಗ್ಗೆ, ಇನ್ನೊಂದು ಸಂಜೆ.

ಪಠ್ಯಕ್ಕೆ ದುಡ್ಡು ಸುರಿಯಬೇಕಿಲ್ಲ. ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಹೊರತರುತ್ತದೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಒಂದನೇ ತರಗತಿಯ ಪುಸ್ತಕ ಅಂತರ್ಜಾಲದಲ್ಲಿ ಉಚಿತ. ಎರಡನ್ನೂ ಮಗುವಿನ ಕೈಗೆ ಕೊಡುವ ಮೊದಲು ನೀವು ತಿರುವಿ ಹಾಕಿ, ಆ ವಾರದ ಅಕ್ಷರಗಳಿಂದಷ್ಟೇ ಆದ ಪದಗಳನ್ನು ಪೆನ್ಸಿಲಿನಲ್ಲಿ ಸುತ್ತಿಡಿ.

ಊರಿನಲ್ಲಿರುವ ಅಜ್ಜ ಅಜ್ಜಿಯರನ್ನು ಸೇರಿಸಿಕೊಳ್ಳುವುದಾದರೆ ವಿಡಿಯೋ ಕಾಲ್ ಬೇಡ. ಸದ್ದು ತಡವಾಗಿ ತಲುಪುತ್ತದೆ, ಹಲ್ಲಿ-ಹಳ್ಳಿ ಎರಡೂ ಒಂದೇ ಥರ ಕೇಳುತ್ತದೆ, ಅಜ್ಜ ಗಟ್ಟಿಯಾಗಿ ಕೂಗುತ್ತಾರೆ. ಫೋನನ್ನು ಬಾಯಿಗೆ ಹತ್ತಿರ ಹಿಡಿದು ರೆಕಾರ್ಡ್ ಮಾಡಿದ ವಾಯ್ಸ್ ಮೆಸೇಜ್ ಎಷ್ಟೋ ವಾಸಿ. 'ಪುಟ್ಟಾ, ನಾನು ಇವತ್ತು ಪೇಟೆಯಿಂದ ಬೇ ಇಂದ ಶುರುವಾಗುವ ಒಂದು ಸಾಮಾನು ತಂದಿದ್ದೇನೆ, ಏನು ಹೇಳು' ಎಂದು ಅಜ್ಜಿ ರಾತ್ರಿ ಕಳಿಸಿದ್ದನ್ನು ಮಗು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೂರು ಸಲ ಕೇಳಿ, 'ಬೇಳೆ, ಅಜ್ಜೀ' ಎಂದು ಉತ್ತರ ಕಳಿಸುತ್ತದೆ. ಬೇವು ತಂದಿದ್ದರೆ ಅಜ್ಜಿ ಅದನ್ನೂ ಸರಿ ಎನ್ನಲಿ.